ನಾನು ಬರೆಯದ ನಾಲಾಯಕ ಚೀಟಿ

೧೯೮೪ರಲ್ಲಿ ನಾನು ಖಾನಾಪುರದ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯೆಯಾಗಿದ್ದೆ. ಕುರಿ ಸಾಕುವ ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬೆಳಗಾವಿಯಲ್ಲಿ ವೈದ್ಯಕೀಯವನ್ನು ಕಲಿತಷ್ಟೇ ಶ್ರದ್ಧೆಯಿಂದ ಶುದ್ಧ ಕನ್ನಡವನ್ನೂ ಕಲಿತಿದ್ದೆ. ರೋಗಿಗಳ ಎದುರು ‘ಐತಿ’ ಎಂಬ ಮಾತು ಜಾರಿದರೆ ಯಾರಾದರೂ ನನ್ನ ಪದವಿಯನ್ನು ಹಿಂದಕ್ಕೆ ಕೇಳಿಯಾರೆಂಬ ಅಂಜಿಕೆ ನನಗಿತ್ತು.

ನಂದಗಡದ ಗಂಗವ್ವ ಹನ್ನೊಂದು ತಿಂಗಳ ಕೂಸಿನ ತಾಯಿ. ಸೊಂಟನೋವೆಂದು ಎರಡು ಸಲ ಬಂದಿದ್ದಳು. ಹೆಚ್ಚೇನೂ ವಿಚಾರಿಸದೆ ಗುಳಿಗೆ ಕೊಟ್ಟು ಕಳುಹಿಸಿದ್ದೆ. ಮೂರನೆಯ ಸಲ ಅವಳ ಅತ್ತೆಯೂ, ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಗಂಡ ಬಸಪ್ಪನೂ ಜೊತೆಗಿದ್ದರು.

“ಸೊಸಿ ಹಟಮಾರಿ ಅದಾಳ್ರಿ, ಬಾಯಾರ. ಗಂಡನ್ನ ಬಾಜೂಕ ಬರಗೊಡೂದಿಲ್ಲ. ಸಂಸಾರಕ್ಕ ನಾಲಾಯಕ ಅಂತ ಒಂದು ಚೀಟಿ ಬರದ ಕೊಡ್ರಿ, ಸಾಕು” ಎಂದಳು ಅತ್ತೆ.

ಆ ಚೀಟಿ ಏತಕ್ಕೆಂದು ಕೇಳಿದೆ. ಅದನ್ನು ಊರ ಹಿರಿಯರ ಮುಂದೆ ಇಟ್ಟು ಗಂಗವ್ವನನ್ನು ತವರಿಗೆ ಕಳುಹಿಸುವುದು, ಮಗನಿಗೆ ಬೇರೆ ಹೆಣ್ಣು ತರುವುದು, ಕೂಸನ್ನು ತಮ್ಮಲ್ಲೇ ಇರಿಸಿಕೊಳ್ಳುವುದು ಅವರ ಯೋಚನೆಯಾಗಿತ್ತು. ಗಂಗವ್ವ ತಲೆ ಎತ್ತಲಿಲ್ಲ.

ಉಳಿದಿಬ್ಬರನ್ನು ಹೊರಗೆ ಕೂರಿಸಿ, ದಾಂಪತ್ಯ ಸಂಪರ್ಕದ ಸಂದರ್ಭದಲ್ಲಿ ಅವಳಿಗೆ ಅಸ್ವಸ್ಥತೆಯ ಅನುಭವವಾಗುವುದೇ ಎಂದು ವಿಚಾರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಕನ್ನಡದಾಗ ಕೇಳ್ರಿ, ಬಾಯಾರ. ನನಗ ಅದೊಂದ ಬರ್ತೈತಿ.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆ ಕೋಣೆಯಲ್ಲಿ ಮೊದಲ ಬಾರಿಗೆ ನನ್ನ ಅವ್ವನ ಮಾತಿನಲ್ಲಿ ಕೇಳಿದೆ: “ಗಂಡನ ಕೂಡ ಮಲಗಿದಾಗ ನೋಯ್ತೈತೇನವ್ವಾ? ಎಲ್ಲಿ?”

“ನೋವಲ್ರಿ, ಉರಿ. ಹೊಲಿಗಿ ಹಾಕಿದಲ್ಲೆ ಮೆಣಸಿನಕಾಯಿ ತಿಕ್ಕಿದಂಗ. ಒಳಗಲ್ಲ, ಬಾಗಲದಾಗ.”

ಪಠ್ಯಪುಸ್ತಕದ ಅರ್ಧ ಪುಟವನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಸಂಭೋಗದ ವೇಳೆಯ ನೋವಿಗೆ ಡಿಸ್ಪರೂನಿಯಾ ಎಂಬ ಹೆಸರಿದೆ. ಅದು ಲಕ್ಷಣ ಮಾತ್ರ, ಕಾರಣವನ್ನು ಹುಡುಕಬೇಕು. ನೋವು ಆಳದಲ್ಲಿದ್ದರೆ ಗರ್ಭಕೋಶ, ಅಂಡಾಶಯಗಳ ಕಡೆಗೆ ನೋಡುತ್ತೇವೆ. ಬಾಗಿಲಲ್ಲಿದ್ದರೆ ಗಾಯ, ಸೋಂಕು, ಒಣಗುವಿಕೆಗಳನ್ನು. ‘ಸಾಕು’ ಎಂದರೆ ಕೂಡಲೇ ನಿಲ್ಲಿಸುವೆನೆಂದು ಮಾತು ಕೊಟ್ಟು ಪರೀಕ್ಷಿಸಿದೆ. ಎರಡು ಸಲ ಅಂದಳು, ಎರಡು ಸಲವೂ ನಿಲ್ಲಿಸಿದೆ. ಹೆರಿಗೆಯ ಹೊಲಿಗೆ ಗಂಟುಗಟ್ಟಿ ಮಾಗಿತ್ತು. ಹತ್ತಿಯ ತುದಿ ತಾಗಿದರೂ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತಿದ್ದವು. ಅತ್ತೆ ಹಟವೆಂದು ಕರೆದದ್ದು, ಗಂಗವ್ವ ನಾಚಿ ಸೊಂಟನೋವೆಂದು ಹೇಳಿದ್ದು ಇದನ್ನೇ.

ಗಂಗವ್ವನ ಒಪ್ಪಿಗೆ ಪಡೆದು ಬಸಪ್ಪನನ್ನು ಕರೆದು ತಿಳಿಸಿದೆ. ತನ್ನ ಮೇಲೆ ಅವಳಿಗೆ ಮನಸ್ಸಿಲ್ಲವೆಂದೇ ತಿಳಿದಿದ್ದಾಗಿ ಅವನು ಹೇಳಿದ.

ಅಷ್ಟರಲ್ಲಿ ಅತ್ತೆ ಆಸ್ಪತ್ರೆಯ ಮಾಲೀಕರಾದ ಹಿರಿಯ ವೈದ್ಯರನ್ನು ಕಂಡಿದ್ದಳು. ಅವರು ನನ್ನನ್ನು ಕರೆಸಿ, ಮನೆತನದ ವಿಷಯ, ಎರಡು ಸಾಲು ಬರೆದು ಕೊಟ್ಟುಬಿಡಿ ಎಂದರು. ಅದುವರೆಗೆ ಅವರೆದುರು ಕುರ್ಚಿಯಲ್ಲಿ ಕುಳಿತೂ ಅರಿಯದ ನಾನು, ಆ ಎರಡು ಸಾಲು ಸುಳ್ಳು, ಸಹಿ ಹಾಕಲಾರೆ ಎಂದೆ.

“ನಿಮ್ಮ ಸರ್ಟಿಫಿಕೇಟಿನ ಶಾಯಿನ ಇನ್ನೂ ಆರಿಲ್ಲ. ನನಗ ಕಲಿಸಾಕ ಬಂದ್ರೇನು?”

“ಆರಿಲ್ಲ ಅಂತನ, ಸರ್, ಅದರ ಮ್ಯಾಲೆ ಸುಳ್ಳು ಬರದು ಕೆಡಸೂದಿಲ್ಲ” ಎಂದೆ.

ಚೀಟಿಯನ್ನು ಬರೆದೆ, ಆದರೆ ಅತ್ತೆ ಕೇಳಿದ್ದನ್ನಲ್ಲ. ಹೆರಿಗೆಯ ಗಾಯದಿಂದ ಈಕೆಗೆ ನೋವಿದೆ, ಚಿಕಿತ್ಸೆಯುಂಟು, ಗುಣವಾಗುವವರೆಗೆ ಪತಿಯು ದೂರವಿರತಕ್ಕದ್ದು. ಸಹಿ ಹಾಕಿ ಅದನ್ನು ಗಂಗವ್ವನ ಕೈಗೇ ಕೊಟ್ಟೆ. ಅವಳು ಗಂಡನಿಗೆ ಚಾಚಿದಳು. ಅವನು ಬೆರಳಿಟ್ಟು ಓದಿ, “ನಡೀ ಯವ್ವಾ, ಮನಿಗೆ ಹೋಗೂಣು. ನಾಲಾಯಕ ಯಾರೂ ಇಲ್ಲಿಲ್ಲ” ಎಂದು ತಾಯಿಯನ್ನು ಎಬ್ಬಿಸಿದ.

ಬೆಳಗಾವಿಯ ತಜ್ಞೆಯೊಬ್ಬರು ಸ್ಥಳೀಯ ಅರಿವಳಿಕೆ ಕೊಟ್ಟು ಆ ಗಂಟನ್ನು ಬಿಡಿಸಿದರು. ಬಿಗಿತವನ್ನು ಸಡಿಲಿಸುವ ವ್ಯಾಯಾಮಗಳನ್ನು ನಾನು ಕಲಿಸಿದೆ. ಐದು ತಿಂಗಳ ಬಳಿಕ ಅವಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಉರಿ ಹೋಗಿದೆಯೇ ಎಂದು ಕೇಳಿದೆ.

“ಉರಿ ಹೋತ್ರಿ. ಒಮ್ಮೊಮ್ಮೆ ಬ್ಯಾಡ ಅಂತೀನಿ. ಈಗ ಅಂವಾ ಬ್ಯಾಡ ಅಂದ್ರ ಬ್ಯಾಡ ಅಂತನ ತಿಳಕೋತಾನ.”

ವರ್ಷದ ಕೊನೆಗೆ ಆ ಆಸ್ಪತ್ರೆ ನನ್ನನ್ನು ಮುಂದುವರಿಸಲಿಲ್ಲ. ಕ್ಷಮೆ ಕೇಳಿದ್ದರೆ ಉಳಿಯಬಹುದಿತ್ತು, ಕೇಳಲಿಲ್ಲ. ಮುಂದಿನ ನೌಕರಿಗಳಲ್ಲಿ, ಸೊಂಟನೋವೆಂದು ಬಂದ ಪ್ರತಿ ಹೆಂಗಸನ್ನೂ ಒಂಟಿಯಾಗಿ ಕೂರಿಸಿ, ಗಂಗವ್ವನಿಗೆ ಕೇಳಿದ ಆ ಪ್ರಶ್ನೆಯನ್ನೂ ಕೇಳಿದೆ. ಹೆಣ್ಣು ನೋವೆಂದರೆ ಅದನ್ನು ನೋವೆಂದೇ ಬರೆಯಬೇಕು. ಯಾರ ಅನುಕೂಲಕ್ಕೂ ಅದಕ್ಕೆ ಬೇರೆ ಹೆಸರಿಡಲು ನಾನು ಕಲಿಯಲಿಲ್ಲ.