ಕೆಲ್ವಿನ್ ರಿಶ್ಟನ್‌ನ ತಲೆ

ಬ್ರಾಕನ್‌ಶಾ ಟೌನ್ ಫುಟ್‌ಬಾಲ್ ತಂಡದ ಆಟ ನೋಡಲು ಬರುವವರಲ್ಲಿ ಆಟ ಚೆನ್ನಾಗಿರುತ್ತದೆ ಎಂಬ ಭ್ರಮೆ ಯಾರಿಗೂ ಇಲ್ಲ. ಅಪ್ಪ ಬರುತ್ತಿದ್ದ, ಅದಕ್ಕೆ ಮಗ ಬರುತ್ತಾನೆ. ತಗಡಿನ ಚಾವಣಿಯ ಕೆಳಗೆ ನಿಂತು, ಮಾಂಸ ತುಂಬಿದ ಬಿಸಿ ಪೈ ಕಚ್ಚಿ ನಾಲಿಗೆ ಸುಟ್ಟುಕೊಂಡು, ಸ್ವಂತ ತಂಡದವರನ್ನೇ ಬಾಯಿಗೆ ಬಂದಂತೆ ಬೈದು ಮನೆಗೆ ಹೋಗುತ್ತಾರೆ. ಇಂಥವರು ಒಬ್ಬನ ಮೇಲೆ ಮಾತ್ರ ಹಾಡು ಕಟ್ಟಿದ್ದರು. ‘ಕಬ್ಬಿಣದ ತಲೆ, ನಮ್ಮ ರಿಶ್‌ನ ತಲೆ’ ಅಂತ. ಅಷ್ಟೇ ಹಾಡು, ಅದನ್ನೇ ತಿರುಗಿಸಿ ಮುರುಗಿಸಿ ಹಾಡುವುದು. ನಮ್ಮ ಊರಿನವರ ಪ್ರೀತಿ ಇಷ್ಟರ ಮೇಲೆ ಹೋದದ್ದನ್ನು ಯಾರೂ ಕಂಡಿಲ್ಲ.

ಆ ತಲೆಯ ಒಡೆಯ ಕೆಲ್ವಿನ್ ರಿಶ್ಟನ್. ಗೋಲಿನ ಮುಂದೆ ಗೋಡೆಯಾಗಿ ನಿಲ್ಲುವ ಡಿಫೆಂಡರ್. ಹುಡುಗನಾಗಿದ್ದಾಗ ದೊಡ್ಡ ಕ್ಲಬ್ಬೊಂದು ಅವನನ್ನು ಸೇರಿಸಿಕೊಂಡು, ಮೀಸೆ ಮೂಡುವ ಹೊತ್ತಿಗೆ ಹೊರಗೆ ಹಾಕಿತ್ತು. “ನಿನ್ನ ಗುಂಡಿಗೆ ದೊಡ್ಡದು ಮಗಾ” ಎಂದು ಅಲ್ಲಿನ ಕೋಚ್ ಬೆನ್ನು ತಟ್ಟಿದ್ದನಂತೆ. ಗುಂಡಿಗೆ ದೊಡ್ಡದು ಎಂದರೆ ಕಾಲು ಸಾಲದು ಎಂದರ್ಥ. ಕೆಲ್ವಿನ್‌ಗೂ ಗೊತ್ತಿತ್ತು. ಓಟ ನಿಧಾನ, ಕೊಟ್ಟ ಪಾಸು ಒಂದೂ ನೆಟ್ಟಗೆ ಹೋಗುತ್ತಿರಲಿಲ್ಲ. ದೇವರು ಕೊಟ್ಟಿದ್ದು ಅಗಲವಾದ ಹಣೆಯೊಂದೇ.

ಕೆಳಗಿನ ಲೀಗುಗಳಲ್ಲಿ ಅದೇ ಸಾಕು. ಅಲ್ಲಿ ಚೆಂಡು ನೆಲದ ಮೇಲೆ ಓಡಾಡುವುದು ಕಡಿಮೆ. ಎದುರು ತಂಡದ ಗೋಲ್‌ಕೀಪರ್ ಒದ್ದ ಚೆಂಡು ಮೋಡ ಮುಟ್ಟಿ, ಮಳೆನೀರು ಕುಡಿದು, ಕೆಳಗೆ ಬರುತ್ತದೆ. ಅದರ ಅಡಿಗೆ ಯಾರಾದರೂ ಹೋಗಬೇಕು. ಉಳಿದವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಕೆಲ್ವಿನ್ ಹೋಗಿ ಹಣೆ ಕೊಟ್ಟಾಗಿರುತ್ತಿತ್ತು. ಚೆಂಡು ಸಿಗದಿದ್ದರೆ ಎದುರಾಳಿಯ ತಲೆ, ಮೊಣಕೈ, ಒಮ್ಮೆ ಗೋಲಿನ ಕಂಬ. ಹುಬ್ಬು ಹರಿದರೆ ಬಿಡುವಿನ ಹೊತ್ತಿನಲ್ಲಿ ಹೊಲಿಗೆ ಹಾಕಿಸಿಕೊಂಡು, ಮೇಲೆ ವ್ಯಾಸಲೀನ್ ಮೆತ್ತಿಕೊಂಡು ಮತ್ತೆ ಇಳಿಯುತ್ತಿದ್ದ. ಕೆಲವು ಆಟಗಳ ಎರಡನೇ ಅರ್ಧ ಅವನ ನೆನಪಿನಲ್ಲೇ ಇರಲಿಲ್ಲ. ಅದನ್ನು ಅವನು ತಮಾಷೆಯಾಗಿ ಹೇಳುತ್ತಿದ್ದ, ಕೇಳಿದವರು ತಮಾಷೆಯೆಂದೇ ನಗುತ್ತಿದ್ದರು. ನಾವೂ ನಕ್ಕವರೇ.

ಹೀಗೆ ಒಂಬತ್ತು ತಂಡಗಳಾದವು. ಪ್ರತಿ ಮೇ ತಿಂಗಳು ಮ್ಯಾನೇಜರು ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಇರು ಎಂದೋ ಹೋಗು ಎಂದೋ ಹೇಳುತ್ತಾನೆ. ಹೋಗು ಎಂದರೆ ಜುಲೈ ತಿಂಗಳಲ್ಲಿ ಬೂಟು ಹಿಡಿದು ಇನ್ನೊಂದು ಊರಿನ ಬಾಗಿಲು ತಟ್ಟಬೇಕು. ಹೆಂಡತಿ ಗೇನರ್ ಅದೆಷ್ಟು ಬಾಡಿಗೆ ಮನೆಗಳಿಗೆ ಪರದೆ ಹೊಲಿದಳೋ ಏನೋ. ಒಂದು ಮನೆಯ ಪರದೆ ಇನ್ನೊಂದು ಮನೆಯ ಕಿಟಕಿಗೆ ಆಗುತ್ತಲೇ ಇರಲಿಲ್ಲ. ಮಗಳು ಮೇಗನ್ ಗೆಳತಿಯರನ್ನು ಮಾಡಿಕೊಳ್ಳುವುದನ್ನೇ ಬಿಟ್ಟಳು. ಕೊನೆಗೆ, ಮೂವತ್ತು ದಾಟಿದ ಮೇಲೆ, ಅವನು ಹುಟ್ಟಿದ ಬ್ರಾಕನ್‌ಶಾಗೇ ಬಂದು ತಳ ಊರಿದರು. ಇಲ್ಲಿನ ಮ್ಯಾನೇಜರ್ ಡಕ್‌ವರ್ತ್, ಎಲ್ಲರ ಬಾಯಲ್ಲಿ ‘ಗ್ಯಾಫರ್’, ತಾನೂ ಹಳೆಯ ಡಿಫೆಂಡರ್. ಕೆಲ್ವಿನ್‌ನಂಥವನ ಬೆಲೆ ಅವನಿಗೆ ಗೊತ್ತಿತ್ತು.

ಇನ್ನು ಆ ಪರೀಕ್ಷೆಯ ವಿಷಯ. ಕೆಲವು ವರ್ಷಗಳಿಂದ ಹೊಸ ಕಾನೂನು ಬಂದಿದೆ. ಪ್ರತಿ ಜುಲೈನಲ್ಲಿ ಆಟಗಾರರ ತಲೆ ಪರೀಕ್ಷೆ. ತಂಡದವರ ಪೆಟ್ಟು ನೋವು ನೋಡಿಕೊಳ್ಳುವ ಫಿಸಿಯೋ ಐದು ಪದ ಹೇಳುತ್ತಾರೆ, ಆಟಗಾರ ತಿರುಗಿ ಹೇಳಬೇಕು. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಬೇಕು. ಆಮೇಲೆ ಮತ್ತೆ ಆ ಐದು ಪದ. ಆ ಅಂಕ ಬರೆದಿಟ್ಟುಕೊಂಡಿರುತ್ತಾರೆ. ನಡುವೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಜುಲೈನ ಅಂಕಕ್ಕಿಂತ ಕಡಿಮೆ ಬಂದರೆ ಆಡುವಂತಿಲ್ಲ, ವಾರಗಟ್ಟಲೆ ಬೆಂಚು. ಕೆಳಗಿನ ಲೀಗಿನಲ್ಲಿ ವಾರಗಟ್ಟಲೆ ಬೆಂಚು ಎಂದರೆ ನಿನ್ನ ಜರ್ಸಿ ಇನ್ನೊಬ್ಬನ ಮೈಮೇಲೆ.

ಇದಕ್ಕೆ ಹಳೆ ಹುಲಿಗಳು ಕಂಡುಕೊಂಡ ಉಪಾಯ ಸುಲಭದ್ದು. ಜುಲೈನಲ್ಲೇ ಬೇಕೆಂದು ತಪ್ಪು ಹೇಳುವುದು. ಮೊದಲ ಅಂಕವೇ ಕೆಳಗಿದ್ದರೆ ಪೆಟ್ಟು ಬಿದ್ದ ಮೇಲೆ ಇನ್ನೆಷ್ಟು ಕೆಳಗೆ ಹೋದೀತು? ಎಲ್ಲ ಡ್ರೆಸಿಂಗ್ ರೂಮುಗಳಲ್ಲೂ ಇದು ಗೊತ್ತು, ಎಲ್ಲೂ ಯಾರೂ ಹೇಳುವುದಿಲ್ಲ. ಕೆಲ್ವಿನ್ ಇದರಲ್ಲಿ ನಿಸ್ಸೀಮ. ತಲೆ ಕೆರೆದುಕೊಂಡು, ಚಾವಣಿ ನೋಡಿ, ಐದರಲ್ಲಿ ಎರಡು ಪದ ಹೇಳಿ, ಆಗಸ್ಟ್ ತಿಂಗಳನ್ನು ಎರಡು ಸಲ ತಂದು, ಅಕ್ಟೋಬರನ್ನು ಮಾಯ ಮಾಡಿ ಹೊರಗೆ ಬರುತ್ತಿದ್ದ. ಆಮೇಲೆ ಸ್ನಾನದ ಮನೆಯಲ್ಲಿ ಟವೆಲ್ ಸುತ್ತಿಕೊಂಡು ಅದನ್ನೇ ಅಭಿನಯಿಸಿ ತೋರಿಸಬೇಕು.

“ಇನ್ನೊಂದ್ಸಲ ಮಾಡೋ ರಿಶ್, ಆ ಅಕ್ಟೋಬರ್ ನುಂಗೋದು ಮಾಡೋ!”

“ಟಿಕೆಟ್ ತಗೊಂಡ್ರೇನೋ? ಪುಕ್ಸಟ್ಟೆ ನೋಡ್ತೀರಲ್ಲ, ನಾಚ್ಕೆ ಇಲ್ದೋರಾ!”

ಬ್ರಾಕನ್‌ಶಾಗೆ ಬಂದು ಕೆಲವು ವರ್ಷಗಳಾದ ಮೇಲೆ, ಮೇ ತಿಂಗಳ ಒಂದು ಶನಿವಾರ ಕೆಲ್ವಿನ್ ಹಾಲು ತರುತ್ತೇನೆಂದು ಕಾರು ಹತ್ತಿದ. ಸಂಜೆಯಾದರೂ ಬರಲಿಲ್ಲ. ಗೇನರ್ ಫೋನು ಮಾಡಿ ಮಾಡಿ ಸಾಕಾದಳು. ಕೊನೆಗೆ ಯಾರೋ ಹೆಂಗಸು ಅವನ ಫೋನಿನಿಂದಲೇ ಮಾತಾಡಿದಳು. ಪೂರ್ವದ ಸಮುದ್ರದ ಕಡೆಯ ಊರು. ವರ್ಷಗಳ ಹಿಂದೆ ಅಲ್ಲಿನ ತಂಡಕ್ಕೆ ಆಡುವಾಗ ಅವರು ಬಾಡಿಗೆಗಿದ್ದ ಮನೆ, ಈಗ ಅಲ್ಲಿ ಆ ಹೆಂಗಸಿನ ವಾಸ. ಹಾಲಿನ ಡಬ್ಬಿ ಹಿಡಿದು ಆ ಮನೆಯ ಬಾಗಿಲಿಗೆ ತನ್ನ ಬೀಗದ ಕೈ ಹಾಕಿ ತಿರುಗಿಸುತ್ತ ನಿಂತಿದ್ದನಂತೆ.

ಗೇನರ್ ತನ್ನ ತಮ್ಮನ ಜೊತೆ ಹೋಗಿ ಕರೆತಂದಳು. ದಾರಿಯುದ್ದಕ್ಕೂ ಕೆಲ್ವಿನ್ ನಗಿಸಲು ನೋಡಿದ. ಹಳೇ ಮನೆಯ ಪರದೆ ಚೆನ್ನಾಗಿತ್ತು, ನೋಡಿ ಬರೋಣ ಅಂತ ಹೋದೆ ಎಂದ. ಅವಳು ನಗಲಿಲ್ಲ. ಅವಳಿಗೆ ನೋಯೆಲ್ ಪಿಕಪ್ ನೆನಪಾಗುತ್ತಿದ್ದ. ಕೆಲ್ವಿನ್‌ನ ಮೊದಲ ತಂಡದ ನಾಯಕ, ಕಣ್ಣು ಮುಚ್ಚದೆ ಹಣೆ ಕೊಡುವುದನ್ನು ಕಲಿಸಿದವನು. ಈಗ ಆರೈಕೆಯ ಮನೆಯೊಂದರಲ್ಲಿ ಕೂತು, ನೋಡಲು ಬಂದ ಹೆಂಡತಿಯನ್ನು “ನೀವು ಯಾರ ಕಡೆಯವರು?” ಎಂದು ಕೇಳುತ್ತಾನೆ. ಅವನಿಗಿನ್ನೂ ಅರವತ್ತಾಗಿಲ್ಲ.

ಮನೆಗೆ ಬಂದ ಮೇಲೆ ಅವಳು ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದಳು.

“ಸಾಕು ಕೆಲ್. ಬಿಟ್ಬಿಡು.”

“ಬಿಟ್ಟು ಏನ್ ಮಾಡ್ಲಿ? ನಂಗೆ ಬೇರೆ ಏನ್ ಬರುತ್ತೆ ಹೇಳು.”

“ಏನಾದ್ರೂ ಮಾಡ್ಬಹುದು. ನನ್ನ ತಮ್ಮನ ಜೊತೆ ಚಾವಣಿ ಕೆಲಸಕ್ಕೆ ಹೋಗು.”

“ಒಂದೇ ಒಂದು ವರ್ಷ. ಗ್ಯಾಫರ್ ಕರೀತಾನೆ. ಇದೊಂದು ಮುಗಿಸಿ, ಊರವರ ಮುಂದೆ ಕೈ ಬೀಸಿ, ಮರ್ಯಾದೆಯಾಗಿ ಬರ್ತೀನಿ ಗೇನರ್. ಇಷ್ಟು ವರ್ಷ ಎಲ್ಲಾ ಕಡೆ ಹಿಂದಿನ ಬಾಗಿಲಿಂದ ಕಳಿಸಿದಾರೆ.”

ಬೇಡ ಎಂದರೆ ಅವನು ಬಿಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಆದರೆ ಬಿಟ್ಟ ಮೇಲೆ ಆ ಮನುಷ್ಯ ಮನೆಯಲ್ಲಿ ಕೂತು ಏನಾಗುತ್ತಾನೋ ಎಂಬ ಹೆದರಿಕೆಯೂ ಇತ್ತು. ಕೊನೆಗೆ ಹೇಳಿದಳು:

“ಆ ಜುಲೈ ಪರೀಕ್ಷೆ ಇದೆಯಲ್ಲ. ಈ ಸಲ ನಾಟಕ ಬೇಡ. ಇರೋದನ್ನ ಇದ್ದ ಹಾಗೆ ಮಾಡು. ಫಿಸಿಯೋ ಏನ್ ಹೇಳ್ತಾರೋ ಅದನ್ನ ಬಂದು ನಂಗೆ ಹೇಳು. ತಲೆ ಸರಿ ಇದೆ ಅಂದ್ರೆ ಆಡು, ನಾನು ಒಂದ್ಮಾತು ಆಡಲ್ಲ. ಇಲ್ಲ ಅಂದ್ರೆ ಅವತ್ತೇ ಬೂಟು ಬಿಚ್ಚಿಡ್ಬೇಕು.”

“ಆಯ್ತು.”

“ಮೇಗನ್ ಆಣೆ?”

“ಮೇಗನ್ ಆಣೆ.”

ಅವನು ಧೈರ್ಯವಾಗಿಯೇ ಮಾತು ಕೊಟ್ಟ. ಇಷ್ಟು ವರ್ಷ ತಪ್ಪು ಹೇಳಿದ್ದು ಬೇಕೆಂದೇ ಅಲ್ಲವೇ? ಸರಿ ಹೇಳುವುದು ಅದಕ್ಕಿಂತ ಸುಲಭ ಎಂದುಕೊಂಡ.

ಜುಲೈನಲ್ಲಿ ತರಬೇತಿ ಶುರುವಾಯಿತು. ಹಳೆಯ ಫಿಸಿಯೋ ಬೇರೆ ಕ್ಲಬ್ಬಿಗೆ ಹೋಗಿ ಬೆಥನ್ ಎಂಬ ವೇಲ್ಸ್ ಕಡೆಯ ಹುಡುಗಿ ಬಂದಿದ್ದಳು. ಅಚ್ಚುಕಟ್ಟು, ನಗುಮುಖ. ಟೀ ಕಾಯಿಸುವ ಕೋಣೆಯಲ್ಲೇ ಪರೀಕ್ಷೆ. ಬಾಗಿಲ ಹೊರಗೆ ಗ್ಯಾಫರ್ ನಿಂತಿದ್ದ. ಇದೊಂದು ಮುಗಿದರೆ ಕೆಲ್ವಿನ್‌ಗೆ ಇನ್ನೊಂದು ವರ್ಷ ಖಾತ್ರಿ ಎಂದು ಬೆಳಗ್ಗೆಯೇ ಹೇಳಿದ್ದ.

“ಕೂತ್ಕೊಳ್ಳಿ ಕೆಲ್ವಿನ್. ನಿಮ್ಮ ಹಾಡು ಕೇಳಿದೀನಿ, ಕಬ್ಬಿಣದ ತಲೆ!”

“ತುಕ್ಕು ಹಿಡಿದಿದ್ಯಾ ನೋಡಿ ಡಾಕ್ಟ್ರಮ್ಮ.”

“ನಾನು ಡಾಕ್ಟರ್ ಅಲ್ಲ, ಫಿಸಿಯೋ. ಸರಿ, ಕೇಳಿಸ್ಕೊಳ್ಳಿ. ಕೊಡೆ, ಬೆಣ್ಣೆ, ಏಣಿ, ಹಕ್ಕಿ, ಮೊಳೆ.”

“ಕೊಡೆ,” ಎಂದ ಕೆಲ್ವಿನ್. “ಬೆಣ್ಣೆ. ಏಣಿ...” ಮುಂದಿನದು ನಾಲಿಗೆಯ ತುದಿಗೆ ಬಂದಂತಾಯಿತು. ಬರಲಿಲ್ಲ. ಹೊರಗೆ ಯಾರೋ ಚೆಂಡು ಪುಟಿಸುತ್ತಿದ್ದರು, ಅದರ ಸದ್ದು ಅಡ್ಡ ಬಂತು ಎಂದುಕೊಂಡ.

“ಪರವಾಗಿಲ್ಲ. ತಿಂಗಳು ಹೇಳಿ, ಹಿಂದಿನಿಂದ.”

“ಡಿಸೆಂಬರ್. ನವೆಂಬರ್.” ಅವನು ನಿಂತ. ಮುಂದೆ ಯಾವುದು? ತಾನು ವರ್ಷ ವರ್ಷ ಮಾಯ ಮಾಡುತ್ತಿದ್ದ ತಿಂಗಳು ಇಲ್ಲೇ ಎಲ್ಲೋ ಇರಬೇಕು. ಅಲ್ಲೊಂದು ತಿಂಗಳಿದೆ ಎಂಬುದು ಗೊತ್ತು, ಅದರ ಚಳಿ ಗೊತ್ತು, ಆ ತಿಂಗಳಲ್ಲಿ ಮೈದಾನ ಕೆಸರಾಗುವುದು ಗೊತ್ತು. ಹೆಸರು ಮಾತ್ರ ಗೊತ್ತಿಲ್ಲ. “ಸೆಪ್ಟೆಂಬರ್,” ಎಂದ. “ಆಗಸ್ಟ್. ಜುಲೈ.” ಮತ್ತೆ ಹೊರಳಿ “ಆಗಸ್ಟ್” ಎಂದು ತನ್ನ ಬಾಯೇ ಹೇಳಿದ್ದು ಅವನಿಗೆ ಕೇಳಿಸಿತು. ಬೆನ್ನ ಮೇಲೆ ಬೆವರು ಇಳಿಯಿತು. ಸುಳ್ಳು ಹೇಳುವಾಗ ಎಂದೂ ಬೆವತವನಲ್ಲ.

ಬೆಥನ್ ಬರೆದುಕೊಂಡಳು. “ಈಗ ಮೊದಲು ಹೇಳಿದ ಪದಗಳು?”

ಅವನು ಕಣ್ಣು ಮುಚ್ಚಿ ಹುಡುಕಿದ. ಆಟದಲ್ಲಿ ಎಂದೂ ಕಣ್ಣು ಮುಚ್ಚದವನು. ಕೊಡೆ ಸಿಕ್ಕಿತು. ಬಹಳ ಹೊತ್ತಿನ ಮೇಲೆ ಏಣಿ ಸಿಕ್ಕಿತು. ಉಳಿದ ಜಾಗ ಬಟಾಬಯಲಾಗಿತ್ತು. ಎಷ್ಟು ಒದ್ದಾಡಿದರೂ ಅಲ್ಲಿ ಏನಿತ್ತು ಎಂಬುದೇ ತಿಳಿಯಲಿಲ್ಲ. ಅಳು ಬರುವ ಹಾಗಾಯಿತು.

ಬೆಥನ್ ಹೋದ ವರ್ಷದ ಹಾಳೆ ತೆಗೆದು ಪಕ್ಕಕ್ಕಿಟ್ಟು ನೋಡಿದಳು. ಅವಳ ಮುಖ ಅರಳಿತು.

“ಅಯ್ಯೋ, ಅಷ್ಟೊಂದು ಗಾಬರಿ ಯಾಕೆ? ಹೋದ ವರ್ಷವೂ ಇಷ್ಟೇ ಇದೆ, ಎರಡೇ ಪದ. ಅದರ ಹಿಂದಿನ ವರ್ಷವೂ ಇಷ್ಟೇ. ಆಗಲೂ ಅಕ್ಟೋಬರ್ ಬಿಟ್ಟಿದೀರಿ ನೋಡಿ. ಕೆಲವರ ನೆನಪಿನ ಶಕ್ತಿಯೇ ಹಾಗೆ, ಹುಟ್ಟಿನಿಂದ. ಮುಖ್ಯ ಏನು ಅಂದ್ರೆ, ಏನೂ ಬದಲಾಗಿಲ್ಲ.”

ಕೆಲ್ವಿನ್ ಬಾಯಿ ತೆರೆದ. ಹೋದ ವರ್ಷದ್ದು ಸುಳ್ಳು, ಈ ವರ್ಷದ್ದು ನಿಜ. ಹೇಳಬೇಕಾಗಿದ್ದದ್ದು ಇಷ್ಟೇ. ಹೇಳಿದರೆ ಅವಳು ಪೆನ್ನು ಕೆಳಗಿಡುತ್ತಾಳೆ, ದೊಡ್ಡ ಆಸ್ಪತ್ರೆಗೆ ಬರೆಯುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ತಲೆಯ ಪೆಟ್ಟು ಹಿಡಿಯಲೆಂದು ಇಟ್ಟ ಹಾಳೆಯಲ್ಲಿ ತನ್ನ ಕೈಯಾರೆ ತಾನೇ ಗುಂಡಿ ತೋಡಿಕೊಂಡಿದ್ದ. ಈಗ ಅದರಲ್ಲಿ ಬಿದ್ದಿದ್ದರೂ ಮೇಲಿನಿಂದ ನೋಡುವವರಿಗೆ ನೆಲ ಸಮವಾಗಿಯೇ ಕಾಣುತ್ತಿತ್ತು.

“ಹೋದ ವರ್ಷ ನಾನು...” ಎಂದ.

“ಏನು?”

ಬಾಗಿಲು ತೆರೆದು ಗ್ಯಾಫರ್ ತಲೆ ತೂರಿಸಿದ. “ಏನಮ್ಮಾ, ನಮ್ಮ ಮುದುಕ ಪಾಸೋ ಫೇಲೋ?”

ಬೆಥನ್ ಕೆಲ್ವಿನ್‌ನ ಕಡೆ ನೋಡಿದಳು. ಅವನು ಏನೂ ಇಲ್ಲ ಎಂಬಂತೆ ತಲೆಯಾಡಿಸಿದ.

“ಏನೂ ಬದಲಾಗಿಲ್ಲ ಗ್ಯಾಫರ್. ಫಿಟ್.”

“ನಂಗೊತ್ತಿತ್ತು! ಆ ತಲೇಲಿ ಮೊದಲೇ ಏನೂ ಇಲ್ಲ, ಹೋಗೋದಾದ್ರೂ ಏನು?” ಗ್ಯಾಫರ್ ಬಿದ್ದು ಬಿದ್ದು ನಕ್ಕ. ಬೆಥನ್ ನಕ್ಕಳು. ಕೆಲ್ವಿನ್ ಕೂಡ ನಕ್ಕ. ಅದು ಅವನಿಗೆ ಅಭ್ಯಾಸವಾಗಿತ್ತು.

ಆ ದಿನ ಸ್ನಾನದ ಮನೆಯಲ್ಲಿ ಹುಡುಗರು ಅಭಿನಯ ಕೇಳಿದರು. ಅವನು ಟವೆಲ್ ಸುತ್ತಿಕೊಂಡು ಸುಮ್ಮನೆ ಬೂಟು ತೊಳೆದುಕೊಂಡ. ವಯಸ್ಸಾಯಿತು, ಮೊದಲಿನ ಹುರುಪಿಲ್ಲ ಎಂದು ಅವರು ಆಡಿಕೊಂಡರು.

ಗೇನರ್ ಗೇಟಿನ ಹತ್ತಿರವೇ ಕಾದಿದ್ದಳು. ಬೆಳಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ಅವನು ಕಾರಿನಿಂದ ಇಳಿಯುವ ಮುಂಚೆಯೇ ಕಿಟಕಿಗೆ ಬಂದು ಬಗ್ಗಿದಳು.

“ನಾಟಕ ಮಾಡ್ಲಿಲ್ಲ ತಾನೆ?”

“ಇಲ್ಲ.”

“ನನ್ನ ಮುಖ ನೋಡ್ಕೊಂಡು ಹೇಳು.”

ಅವನು ನೋಡಿದ. “ಇಲ್ಲ ಗೇನರ್. ಎಷ್ಟು ಸಾಧ್ಯವೋ ಅಷ್ಟೂ ಮಾಡ್ದೆ. ಮೇಗನ್ ಆಣೆ.”

ಅದರಲ್ಲಿ ಸುಳ್ಳಿರಲಿಲ್ಲ. ಮದುವೆಯಾದಾಗಿನಿಂದ ಅವನ ಮುಖವನ್ನು ಪುಸ್ತಕ ಓದಿದ ಹಾಗೆ ಓದುತ್ತಿದ್ದ ಹೆಂಗಸಿಗೆ ಅಲ್ಲಿ ಸುಳ್ಳು ಕಾಣಲಿಲ್ಲ.

“ಏನಂದ್ಲು?”

“ಏನೂ ಬದಲಾಗಿಲ್ಲ ಅಂದ್ಲು. ಫಿಟ್ ಅಂದ್ಲು.”

ಇದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಗೇನರ್ ಕಿಟಕಿಯ ಒಳಗೆ ಕೈ ಹಾಕಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಮೇ ತಿಂಗಳಿನಿಂದ ಹಿಡಿದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅಲ್ಲೇ, ಬೀದಿಯಲ್ಲೇ, ಅತ್ತಳು. ಹೊಲಿಗೆಯ ಗೆರೆಗಳ ಮೇಲೆ ಮುತ್ತಿಟ್ಟಳು. “ನಾನೊಂದು ಪೆದ್ದಿ,” ಎಂದಳು, “ಏನೇನೋ ಹೆದರ್ಕೊಂಡಿದ್ದೆ. ಆಡು ಕಣೋ. ಮನಸ್ಸು ತುಂಬಾ ಆಡು.” ಅವಳ ಸ್ವೆಟರಿನ ಉಣ್ಣೆಯಲ್ಲಿ ಮುಖ ಹುದುಗಿಸಿ ಕೆಲ್ವಿನ್ ಆ ಮೂರು ಪದಗಳನ್ನು ಇನ್ನೂ ಹುಡುಕುತ್ತಿದ್ದ.

ಆಗಸ್ಟಿನ ಮೊದಲ ಶನಿವಾರ ತವರಿನ ಮೈದಾನದಲ್ಲಿ ಆಟ. ಎದುರಾಳಿ ಗೋಲ್‌ಕೀಪರ್ ಮೊದಲ ಚೆಂಡನ್ನು ಆಕಾಶಕ್ಕೆ ಒದ್ದ. ತಗಡಿನ ಕೆಳಗೆ ಹಾಡು ಶುರುವಾಯಿತು. ಕೆಲ್ವಿನ್ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕಣ್ಣು ಬಿಟ್ಟುಕೊಂಡೇ ಎಗರಿ, ಹಣೆ ಕೊಟ್ಟ. ಆ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಎಲ್ಲರಿಗಿಂತ ಮೊದಲು ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಗೇನರ್.