ಗಡಿಯಾರ ತಪ್ಪಿದ ರನ್ನರ್

ನಿಲಂಗಾದ ಧಾನ್ಯ ಮಾರುಕಟ್ಟೆಯ ಅಡತಿ ದಲ್ಲಾಳಿಗಳು ಬಳಸುವ ಆ್ಯಪ್ ನನ್ನದು. ಅಂದು ಅದು ಸೋಯಾಬೀನ್ ತೂಕವನ್ನು ತಪ್ಪು ತೋರಿಸುತ್ತಿತ್ತು. ಮಧ್ಯಾಹ್ನದ ಹರಾಜಿನ ಸೌದಾ ಶುರುವಾಗುವ ಮೊದಲೇ ಸರಿಯಾಗಬೇಕಿತ್ತು. ಕೋಡನ್ನು ಬೆಳಿಗ್ಗೆಯೇ ತಿದ್ದಿದ್ದೆ. ಆದರೆ ತಿದ್ದಿದ್ದನ್ನು ಪರೀಕ್ಷಿಸಿ, ಬಿಲ್ಡ್ ಮಾಡಿ ಕಳಿಸುವ ರನ್ನರ್, ಅಂದರೆ ನಮ್ಮ ಮನೆಯ ಮೂಲೆಯ ಹಳೆಯ ಕಂಪ್ಯೂಟರ್, ಕೆಲಸವನ್ನು ಎತ್ತಿಕೊಳ್ಳಲೇ ಇಲ್ಲ.

ಡಿಸ್ಕ್ ತುಂಬಿದೆಯೇ ಎಂದು ನೋಡಿದೆ, ಜಾಗವಿತ್ತು. ಸರ್ವರ್‌ಗೆ ಗುರುತು ಹೇಳುವ ಹೊಸ ಟೋಕನ್ ಹಾಕಿದೆ, ಪ್ರಯೋಜನವಾಗಲಿಲ್ಲ. ಮೊದಲೇ ಓದಬೇಕಿದ್ದ ಲಾಗನ್ನು ಕೊನೆಗೆ ಓದಿದೆ. ಸರ್ವರ್‌ನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದಿತ್ತು. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿತ್ತು; ಅದರ ಲೆಕ್ಕದಲ್ಲಿ ಆ ಪ್ರಮಾಣಪತ್ರದ ದಿನ ಇನ್ನೂ ಬಂದಿರಲಿಲ್ಲ.

ಆದರೆ ಕರೆಂಟ್ ಇಲ್ಲದಾಗ ಆ ಗಡಿಯಾರವನ್ನು ನಡೆಸುವ ಸೆಲ್ಲನ್ನು ಉದಗೀರದಲ್ಲಿ ಬದಲಾಯಿಸಿ ತಂದ ನೆನಪು ನನಗೆ ಸ್ಪಷ್ಟವಾಗಿತ್ತು. ಅಂಗಡಿಯ ಮುಂದೆ ಕುಡಿದ ಚಹಾ ಕೂಡ ನೆನಪಿತ್ತು. ಹೆಂಡತಿಗೆ ಹೇಳಿದೆ.

"ಉದಗೀರಕ್ಕ ಹೋಗಿದ್ದು ನಿಮ್ಮ ಚಷ್ಮಾ ರಿಪೇರಿಗಿ ರೀ. ಈ ಡಬ್ಬಿ ಮೂಲಿ ಬಿಟ್ಟು ಯಾವಾಗ ಹಂದ್ಯಾದ?"

"ಮತ್ತ ಚಹಾ?"

"ಚಹಾ ಖರೇ. ಸೆಲ್ ಸುಳ್ಳು."

ಇವತ್ತಿನ ತಾರೀಖನ್ನೂ ಅವಳನ್ನೇ ಕೇಳಿ, ಕಂಪ್ಯೂಟರಿಗೆ ಕೈಯಿಂದಲೇ ತುಂಬಿದೆ. ರನ್ನರ್ ತಕ್ಷಣ ಎದ್ದು ಕೂತಿತು. ಸೌದಾಕ್ಕೆ ಮೊದಲೇ ಸರಿಯಾದ ತೂಕ ಮಾರುಕಟ್ಟೆ ಮುಟ್ಟಿತು.

ನಾಳೆಯೇ ಹೊಸ ಸೆಲ್ ತರುತ್ತೇನೆ ಎಂದೆ. ಹೋದ ಸಲ ಕರೆಂಟ್ ಹೋದಾಗಲೂ ಹಾಗೇ ಅಂದಿದ್ದೆನಂತೆ.