ಡೇರಿಯ ತಮ್ಮ ಕಲಿಸಿದ ಪಂಚಮಿ

ಆಳು ಕಡ್ಡಿಯಂತಿದ್ದ, ಹೆಜ್ಜೆ ಮಾತ್ರ ಆನೆಯದು. ಬೇಸಿಗೆಯಲ್ಲೂ ಮೊಣಕಾಲಿನವರೆಗೆ ಬರುವ ಕರಿ ರಬ್ಬರ್ ಬೂಟು ಹಾಕಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಬಡಿದು ಧಪ್ ಧಪ್ ಎಂದು ನಡೆಯುತ್ತಿದ್ದ. ಬೆಳಗಾಗುವ ಹೊತ್ತಿಗೆ ಆ ಸಪ್ಪಳ ನಮ್ಮ ಓಣಿಗೆ ಬಂದರೆ ಎಮ್ಮೆಗಳು ಕಿವಿ ನೆಟ್ಟಗೆ ಮಾಡುತ್ತಿದ್ದವು. ಡೇರಿ ತೆರೆಯಿತು ಎಂದು ನಾವು ಹಾಲಿನ ಚರಿಗೆ ಎತ್ತಿಕೊಳ್ಳುತ್ತಿದ್ದೆವು.

"ಏ ತಮ್ಮಾ, ಭೂಮಿತಾಯಿ ಮ್ಯಾಲ ಏನ್ ಸಿಟ್ಟೋ ನಿನಗ?" ಎಂದು ನಾನು ಕೇಳಿದರೆ ನಗುತ್ತಿದ್ದ.

"ಸಿಟ್ಟಲ್ರಿ ಕಾಕು. ನಾ ಬರಾಕತ್ತೀನಿ ಅಂತ ಹುಳಕ್ಕ ಸುದ್ದಿ ಕಳಸಾಕತ್ತೀನಿ. ಅದು ನಮ್ಮಂಗ ಮಾತು ಕೇಳಂಗಿಲ್ಲ. ನೆಲಾ ನಡುಗಿದ್ರ ತಿಳ್ಕೋತೈತಿ, ಸರದ ಹೋಗತೈತಿ."

ಹುಳ ಎಂದರೆ ಹಾವು. ನಮ್ಮ ಸತ್ತಿ ಊರಿನ ಕಡೆ ಹೆಂಗಸರು ಆ ಹೆಸರನ್ನು ಬಾಯಿಂದ ಆಡುವುದಿಲ್ಲ, ಆಡಿದರೆ ಕರೆದಂತಾಗುತ್ತದೆ ಎಂಬ ಅಂಜಿಕೆ. ಅವನು ಊರಿನ ಹಾಲು ಅಳೆಯುವವನು, ಹಾವು ಹಿಡಿಯುವವನೂ ಅವನೇ. ನದಿಯ ದಂಡೆ, ಸುತ್ತ ಕಬ್ಬು, ಕಬ್ಬಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ಅವನಿಗೆ ಕೆಲಸಕ್ಕೆ ಕಡಿಮೆ ಇರಲಿಲ್ಲ.

ನಾನು ಮೂರನೇ ಇಯತ್ತೆ ದಾಟಿದವಳಲ್ಲ, ಬರೆದು ರೂಢಿಯಿಲ್ಲ. ಆದರೆ ಈ ಪಂಚಮಿಗೆ ಬಂದ ಮೊಮ್ಮಗಳು ಮನೆ ತುಂಬ ಓಡಾಡುವುದನ್ನು ಕಂಡು ನನ್ನ ಎದೆ ತುಂಬಿ ಚೆಲ್ಲುತ್ತಿದೆ. ಚೆಲ್ಲುವುದನ್ನು ಹಿಡಿಯಲು ಒಂದು ಪಾತ್ರೆ ಬೇಕಲ್ಲ, ಅದಕ್ಕೆ ಬರೆಯಲು ಕೂತೆ. ಆ ಹುಡುಗಿ ಇವತ್ತು ಓಡಾಡುತ್ತಿರುವುದು ಅವನು ನನ್ನ ಬಾಯಲ್ಲಿ ಇಟ್ಟು ಹೋದ ಮಾತಿನಿಂದ.

ಅವನನ್ನು ನಾನು ಚೆನ್ನಾಗಿ ನೋಡಿದ್ದು ನಮ್ಮ ಅಡುಗೆ ಮನೆಯಲ್ಲಿ. ಅವತ್ತು ಜೋಳದ ಚೀಲದ ಮಗ್ಗುಲಲ್ಲಿ ನಾಗಪ್ಪ ಹೆಡೆ ಎತ್ತಿ ಕೂತಿದ್ದ. ನಮ್ಮ ಮನೆಯಲ್ಲಿ ಒಂದು ನಡತೆ ಇತ್ತು. ನಾಗಪ್ಪ ಒಳಗೆ ಬಂದರೆ ಮನೆಯ ಹಿರಿ ಹೆಣ್ಣು ಅರಿಷಿಣ ಕುಂಕುಮ, ಹಾಲಿನ ಬಟ್ಟಲು ಹಿಡಿದು ಹತ್ತಿರ ಹೋಗಿ, ಬಗ್ಗಿ, ದಾರಿ ಬಿಡಪ್ಪಾ ಎಂದು ಬೇಡಿಕೊಳ್ಳಬೇಕು. ನಮ್ಮ ಅತ್ತೆ ಹಾಗೆ ಮಾಡಿದ್ದಳು, ಅವಳ ಅತ್ತೆಯೂ ಮಾಡಿದ್ದಳು. ನಾನು ಬಟ್ಟಲು ಹಿಡಿದು ಹೊಸ್ತಿಲ ಮೇಲೆ ಕಾಲಿಟ್ಟಿದ್ದೆ, ಹಿಂದಿನಿಂದ ಧಪ್ ಧಪ್ ಬಂತು. ನಮ್ಮ ಮನೆಯವರು ಫೋನು ಮಾಡಿ ಕರೆಸಿದ್ದರು.

ಅವನು ನನ್ನನ್ನು ಬೈಯಲಿಲ್ಲ, ನಗಲೂ ಇಲ್ಲ.

"ಕಾಕು, ಬೇಡ್ಕೋಬೇಕು, ಅದು ಖರೆ. ಆದ್ರ ಹೊಸ್ತಿಲ ಹೊರಗ ನಿಂತು ಬೇಡ್ಕೋರಿ. ದೇವರಿಗಿ ದೂರಿಂದ ಅಂದ್ರೂ ಕೇಳಸ್ತೈತಿ. ಕಣ್ಣು ಇಡ್ರಿ, ಕೈ ಇಡಬ್ಯಾಡ್ರಿ."

"ಹಾಲು ಕುಡದು ಹೋಗತಾನೇನೋ ತಮ್ಮಾ."

"ಊರ ಹಾಲೆಲ್ಲಾ ನಾನ ಅಳಿಯಾಂವ. ನಾಗಪ್ಪ ಒಂದ ದಿನಾನೂ ನಮ್ಮ ಡೇರಿಗಿ ಗಿರಾಕಿ ಆಗಿ ಬಂದಿಲ್ರಿ."

ನಮ್ಮ ಮನೆಯವರು ಅಷ್ಟು ಅಂಜಿಕೆಯಲ್ಲೂ ನಕ್ಕುಬಿಟ್ಟರು. ಅವನು ಮೊದಲು ಕೈ ಮುಗಿದ. ಆಮೇಲೆ ಒಂದು ಬಟ್ಟೆಯ ಚೀಲ ತೆಗೆದ, ಅದರ ಬಾಯಿಗೆ ಕೈತೋಳಿನಷ್ಟು ದಪ್ಪದ ಪೈಪು ಕಟ್ಟಿತ್ತು. ಪೈಪಿನ ಬಾಯನ್ನು ಗೋಡೆಯ ಬುಡಕ್ಕೆ ಹಚ್ಚಿಟ್ಟು, ದೂರದಿಂದ ಕೊಕ್ಕೆಕೋಲಿನಿಂದ ಹಾವಿನ ಬಾಲದ ಕಡೆ ಮೆಲ್ಲಗೆ ಮುಟ್ಟಿದ. ಹೆಡೆ ಇಳಿಯಿತು. ಅದು ಗೋಡೆ ಹಿಡಿದು ಹರಿದು, ಬಿಲ ಎಂದುಕೊಂಡು ಪೈಪಿನೊಳಗೆ ತಾನಾಗಿಯೇ ಹೋಯಿತು. "ಅದಕ್ಕ ಬೇಕಾದದ್ದು ಕತ್ತಲಿ, ನಾ ಕತ್ತಲಿ ತೋರಿಸಿದೆ, ಇಷ್ಟ" ಎಂದ. ಓಣಿಯ ಒಬ್ಬ ಮೊಬೈಲು ತೆಗೆದು, ಹಾವನ್ನು ಕುತ್ತಿಗೆ ಹಿಡಿದು ಎತ್ತು, ಫೋಟೋ ತೆಗೆಯುತ್ತೇನೆ ಎಂದ. "ಅದೇನು ನಿಮ್ಮ ಬೀಗರೇನೋ, ಹೆಗಲ ಮ್ಯಾಲ ಕೈ ಹಾಕ್ಕೊಂಡು ಫೋಟೋ ತಗಸಾಕ?" ಎಂದು ಇವನು ಚೀಲದ ಬಾಯಿ ಕಟ್ಟಿದ.

ಹಾವು ಚೀಲಕ್ಕೆ ಹೋದ ಮೇಲೆಯೇ ಅವನ ನಿಜವಾದ ಕೆಲಸ ಶುರುವಾಗುವುದು. ಮನೆ ಸುತ್ತ ಒಂದು ಸುತ್ತು ಬಂದ. ಹಿತ್ತಲ ಗೋಡೆಗೆ ಹಚ್ಚಿ ಒಟ್ಟಿದ ಸಗಣಿಯ ಕುಳ್ಳು, ಅದರ ಮೇಲೆ ಒಣಗಿದ ಕಬ್ಬಿನ ಎಲೆಯ ರವದಿ, ಬಾಗಿಲ ಕೆಳಗೆ ಬೆರಳು ತೂರುವ ಸಂದು, ಜೋಳದ ಚೀಲದಲ್ಲಿ ಇಲಿ ಕಡಿದ ತೂತು, ಎಲ್ಲ ನೋಡಿ ಬಂದು ಕಟ್ಟೆಯ ಮೇಲೆ ಕೂತ.

"ಕಾಕು, ನೀವು ಇಲಿ ಸಾಕೀರಿ. ನಾಗಪ್ಪ ಊಟಕ್ಕ ಬಂದಿದ್ದ. ಅವನ್ದೇನು ತಪ್ಪು ಹೇಳ್ರಿ?"

ಕುಳ್ಳಿನ ಒಟ್ಟನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಏರಿಸಿ ಇಡಿಸಿದ. ಕುಳ್ಳು ತೆಗೆಯುವಾಗ ಮೊದಲು ಕೋಲಿನಿಂದ ಬಡಿಯಿರಿ, ಆಮೇಲೆ ಕೈ ಹಾಕಿರಿ ಎಂದ. ಬಾಗಿಲಿನ ಸಂದಿಗೆ ಹಳೆ ಟೈರಿನ ಪಟ್ಟಿ ಹೊಡೆಸಿದ. ಚಹಾ ಕುಡಿ ಎಂದರೆ, "ಬ್ಯಾಡ್ರಿ, ಮನಿಯಾಗ ಕುಡದ ಬಂದೀನಿ. ನನಗ ಹುಳದಿಂದ ಸಾವಿಲ್ಲ ಕಾಕು, ನಮ್ಮಾಕಿ ಮಾಡೋ ಚಹಾದಿಂದನ ಸಾಯತೀನಿ" ಎನ್ನುತ್ತ, ಚೀಲವನ್ನು ಮಗುವಿನಂತೆ ಜೋಪಾನವಾಗಿ ಹಿಡಿದು ಹೊರಟ. ಅರಣ್ಯದವರಿಗೆ ತಿಳಿಸಿ, ಮನೆಗಳಿಂದಾಚೆ ಹಳ್ಳದ ದಂಡೆಗೆ ಬಿಡುತ್ತಿದ್ದನಂತೆ.

ಡೇರಿಯಲ್ಲಿ ಅವನದು ಇನ್ನೊಂದು ರೂಢಿ. ಹಾಲು ಅಳೆಯುತ್ತ ಅಳೆಯುತ್ತ ಪ್ರಶ್ನೆ ಕೇಳುತ್ತಿದ್ದ. ಉತ್ತರ ಹೇಳುವ ತನಕ ಖಾಲಿ ಚರಿಗೆ ಕೈಗೆ ಕೊಡುತ್ತಿರಲಿಲ್ಲ. ಪಂಚಮಿ ಹತ್ತಿರ ಬಂತೆಂದರೆ ದಿನಾಲೂ ಒಂದೇ ಪ್ರಶ್ನೆ.

"ಕಾಕು, ನೆಲದ ಮ್ಯಾಲ ಮಲಗಿದಾಕಿ ಬೆಳಿಗ್ಗಿ ಹೊಟ್ಟಿ ನೋವು ಅಂತಾಳ, ರೆಪ್ಪಿ ಭಾರ ಅಂತಾಳ. ಏನ್ ಮಾಡ್ತೀರಿ?"

"ದವಾಖಾನಿ."

"ಗಾಯ ಎಲ್ಲೂ ಕಾಣವಲ್ದು?"

"ಆದ್ರೂ ದವಾಖಾನಿ."

"ದೃಷ್ಟಿ ತಗದು ಹೋಗೂಣ?"

"ತಗಿಯಾಕ ಹತ್ತಿದಾಕಿ ತಗೀಲಿ. ಗಾಡಿ ಮಾತ್ರ ನಿಲ್ಲಬಾರದು."

"ಅಲ್ಲಿ ಹೋಗಿ ಏನಂತೀರಿ?"

"ಹುಳ ಮುಟ್ಟೈತಿ."

"ಅಲ್ಲಿ ಹುಳ ಅಂದ್ರ ಹೆಂಗ ಗೊತ್ತಾಗಬೇಕ್ರಿ ಅವರಿಗಿ? ಹಾವು ಅನ್ರಿ. ನಾಗಪ್ಪ ಸಿಟ್ಟಾಗಂಗಿಲ್ಲ, ನಾ ಕೇಳೀನಿ."

ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಡೇರಿಗೆ ಹೋಗುವುದೋ ಸಾಲೆಗೆ ಹೋಗುವುದೋ ಎಂದು ನಾನೂ ಗೊಣಗುತ್ತಿದ್ದೆ. ಆದರೆ ಗೊಣಗುತ್ತ ಗೊಣಗುತ್ತ ಉತ್ತರ ಬಾಯಿಗೆ ಬಂದಿತ್ತು, ಬೀಸುವಾಗಿನ ಹಾಡಿನ ಹಾಗೆ.

ಕೆಲವು ವರ್ಷದ ಹಿಂದಿನ ಒಂದು ಪಂಚಮಿಗೆ ಮಗಳು ಗಂಡನ ಊರು ಐಗಳಿಯಿಂದ ತವರಿಗೆ ಬಂದಳು, ಜೊತೆಗೆ ಎರಡನೇ ಇಯತ್ತೆಯ ಮೊಮ್ಮಗಳು. ತಂಗಿಯರು, ನಾದಿನಿಯರ ಮಕ್ಕಳು, ಮನೆ ತುಂಬಿತು. ಮಂಚಗಳೂ ಸೊಳ್ಳೆ ಪರದೆಗಳೂ ಸಾಲಲಿಲ್ಲ. ಮಕ್ಕಳು ಕೌದಿ ಹಾಸಿಕೊಂಡು ಪಡಸಾಲೆಯಲ್ಲಿ ಸಾಲಾಗಿ ಮಲಗಿದರು. ಮಲಗುವ ಮುಂಚೆ ಎಲ್ಲರ ಕೈಯಲ್ಲೂ ಉಂಡಿ. ಶೇಂಗಾದ್ದು, ಎಳ್ಳಿನದು, ರವೆಯದು. ಪಂಚಮಿಯಲ್ಲಿ ಉಂಡಿ ಬೇಡ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಮರುದಿನ ಒಬ್ಬಿಬ್ಬರ ಹೊಟ್ಟೆ ನೋಯುವುದು, ಅಜವಾನದ ನೀರು ಕುಡಿಸುವುದು, ಅದೂ ಹಬ್ಬದ ಒಂದು ಭಾಗವೇ.

ಅದಕ್ಕೇ ಬೆಳಿಗ್ಗೆ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಎದ್ದಾಗ ಮನೆಯವರೆಲ್ಲ ನಕ್ಕರು. "ಎಷ್ಟು ತಿಂದಿ ಹೇಳಬೇ?" ಎಂದು ಮಗಳು ಅಜವಾನ ಕುದಿಯಲು ಇಟ್ಟಳು. ಹುಡುಗಿ ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟಳು, ನನ್ನ ಮುಖ ನೋಡಿದಳು.

"ಆಯಿ, ನೀ ಇಬ್ಬರ ಆಗಿ ಕಾಣಾಕತ್ತಿ."

ಎಲ್ಲರೂ ಮತ್ತೆ ನಕ್ಕರು. "ಒಬ್ಬಾಕಿನ್ನ ತಡಕೊಳ್ಳೂದ ಸಾಕಾಗೈತಿ, ಇಬ್ಬರ ಯಾಕವಾ?" ಎಂದರು ನಮ್ಮ ಮನೆಯವರು. ನಾನೂ ನಕ್ಕು ಅವಳ ಗಲ್ಲ ಎತ್ತಿದೆ. ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಕಣ್ಣು ತೆರೆಯವ್ವಾ ಎಂದೆ. ಹುಬ್ಬು ಏರಿಸಿದಳು, ರೆಪ್ಪೆ ಏಳಲಿಲ್ಲ. "ತೆರಿಯಾಕ ಆಗವಲ್ದು ಆಯಿ" ಎಂದಳು. ಆ ಮಾತೂ ನಾಲಿಗೆ ದಪ್ಪವಾದವರ ಮಾತಿನಂತೆ ಬಂತು.

ನನ್ನ ಕಿವಿಯಲ್ಲಿ ಡೇರಿ ಶುರುವಾಯಿತು. ನೆಲದ ಮೇಲೆ ಮಲಗಿದಾಕಿ, ಹೊಟ್ಟೆ ನೋವು, ರೆಪ್ಪೆ ಭಾರ. ನಾನು ವಿಚಾರ ಮಾಡಲಿಲ್ಲ, ನನ್ನ ಬಾಯಿ ತಾನೇ ಹೇಳಿತು: "ದವಾಖಾನಿ."

ಮಗಳು ಹುಡುಗಿಯ ಕೈಕಾಲು ಹೊರಳಿಸಿ ನೋಡಿದಳು. "ಎಲ್ಲೂ ಗಾಯಾನ ಇಲ್ಲವಾ" ಎಂದಳು.

"ಆದ್ರೂ ದವಾಖಾನಿ."

"ಇವತ್ತ ಪಂಚಮಿ. ಮೊದಲ ನಾಗಪ್ಪನ ಕಟ್ಟಿಗಿ ಒಯ್ದು ಹಣಿಗಿ ಅರಿಷಿಣ ಭಂಡಾರ ಹಚ್ಚೂಣು" ಎಂದರು ನಮ್ಮ ಮನೆಯವರು. ಸಿಟ್ಟಿನಿಂದಲ್ಲ, ಅಂಜಿಕೆಯಿಂದ.

"ನೀವು ಹೋಗಿ ಕೈ ಮುಗದು ಬರ್ರಿ. ನಾ ಗಾಡಿ ನಿಲ್ಲಸಾಕಿ ಅಲ್ಲ" ಎಂದು ಹುಡುಗಿಯನ್ನು ಎತ್ತಿಕೊಂಡೆ. ನಡೆಸಬಾರದು, ಎತ್ತಿ ಒಯ್ಯಬೇಕು ಎಂದೂ ಅವನೇ ಹೇಳಿದ್ದ. ಆ ವಯಸ್ಸಿನಲ್ಲಿ ಡೇರಿಯ ತನಕ ಹೇಗೆ ಓಡಿದೆನೋ ಗೊತ್ತಿಲ್ಲ, ಮಗಳು ಹಿಂದೆಯೇ ಓಡಿ ಬಂದಳು.

ಅಥಣಿಗೆ ಹೋಗುವ ಹಾಲಿನ ಗಾಡಿ ಆಗಷ್ಟೇ ಕ್ಯಾನು ತುಂಬಿಸಿಕೊಳ್ಳುತ್ತಿತ್ತು. ಅವನು ನನ್ನ ಮುಖ ನೋಡಿದ, ಹುಡುಗಿಯ ರೆಪ್ಪೆ ನೋಡಿದ. ಪ್ರಶ್ನೆ ಕೇಳಲಿಲ್ಲ. ಅಳೆಯುವ ಮಾಪು ಕೆಳಗಿಟ್ಟು, "ಕ್ಯಾನ್ ಇಳಸ್ರಿ" ಎಂದ.

"ಹಾಲು ಕೆಡತಾವಲ್ಲೋ?" ಎಂದ ಗಾಡಿಯವನು.

"ಕೆಡ್ಲಿ. ನಾಳಿ ಮತ್ತ ಎಮ್ಮಿ ಹಿಂಡತಾವು."

ಗಾಡಿಯಲ್ಲಿ ಹುಡುಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿದ, ಬಾಯಲ್ಲಿ ಬಂದ ನೀರು ಒಳಗೆ ಹೋಗಬಾರದೆಂದು. ಹಾದಿಯುದ್ದಕ್ಕೂ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದ, ಒಂದು ಕೈಯಲ್ಲಿ ಫೋನು. "ಕಟ್ಟಿಗೆ ಹಾವಿನ ಹಂಗ ಕಾಣತೈತಿ ಸಾಹೇಬ್ರ, ಅದು ಕಡದ ಗುರ್ತಾನ ಕಾಣಂಗಿಲ್ಲ, ಸಣ್ಣ ಹುಡುಗಿ, ಉಸಿರಿನ ಮಷೀನು ತಯಾರ ಇಡ್ರಿ" ಎಂದು ದವಾಖಾನೆಗೆ ಹೇಳುತ್ತಿದ್ದ. ಮಗಳು ಅಳುತ್ತ ಹುಡುಗಿಯ ಕಾಲಿಗೆ ಸೆರಗು ಬಿಗಿಯಾಗಿ ಕಟ್ಟಲು ಹೋದಳು. "ಕಟ್ಟಬ್ಯಾಡ ತಂಗಿ, ಎಲ್ಲಿ ಕಡದೈತಿ ಅಂತ ಕಟ್ತಿ? ಕೈ ಹಿಡಕೊಂಡು ಕೂಡು, ಅಷ್ಟ ಸಾಕು" ಎಂದ.

ದವಾಖಾನೆಯ ಬಾಗಿಲಲ್ಲಿ ಏನಾಗಿದೆ ಎಂದು ಕೇಳಿದರು. ಹಬ್ಬದ ದಿನ, ಹಣೆಯ ಮೇಲೆ ಕುಂಕುಮ, ಹುಟ್ಟಿದಾಗಿನಿಂದ ಬಾಯಿಗೆ ತಾರದ ಹೆಸರು. "ಹಾವು ಕಡದೈತ್ರಿ. ರಾತ್ರಿ ನೆಲದ ಮ್ಯಾಲ ಮಲಗಿದ್ದಳು" ಎಂದೆ. ಅವರು ಕೂಡಲೇ ಹುಡುಗಿಯನ್ನು ಒಳಗೆ ಒಯ್ದರು. ಔಷಧದ ಬಾಟಲಿ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಸೋತಿತು, ಗಂಟಲಿಗೆ ನಳಿಗೆ ಇಳಿಸಿ ಮಷೀನಿನಿಂದ ಉಸಿರು ಕೊಟ್ಟರು. ಇನ್ನೊಂದಿಷ್ಟು ಹೊತ್ತು ಅಜವಾನ ಕುಡಿಸುತ್ತ ಕೂತಿದ್ದರೆ ಆ ಉಸಿರು ನಮ್ಮ ಪಡಸಾಲೆಯಲ್ಲೇ ನಿಲ್ಲುತ್ತಿತ್ತು ಎಂದು ಡಾಕ್ಟರಮ್ಮ ನನ್ನ ಹೆಗಲು ಹಿಡಿದು ಹೇಳಿದಳು.

ಸಂಜೆ ಅವನು ಊರಿಗೆ ಮರಳಿ, ನಮ್ಮ ಮನೆಯ ಕೌದಿಗಳನ್ನು ಕೋಲಿನಿಂದ ಒಂದೊಂದಾಗಿ ಬಿಡಿಸಿದನಂತೆ. ಮೂಲೆಯ ಕೌದಿಯ ಮಡಿಕೆಯಲ್ಲಿ ಬಳೆ ತೊಟ್ಟಂತೆ ಬಿಳಿ ಪಟ್ಟಿಯ ಕರಿ ಹಾವು. ನಮ್ಮ ಮನೆಯವರು ಬಡಿಗೆ ಎತ್ತಿದರಂತೆ.

"ಇದನ್ನ ಹೊಡದ್ರ ಹುಡುಗಿ ಕಣ್ಣು ತೆರೀತಾಳೇನ್ರಿ ಕಾಕಾ?"

"ಇಲ್ಲ."

"ಮತ್ತ ಇದನ್ನ ನನಗ ಕೊಡ್ರಿ. ನೀವು ದವಾಖಾನಿಗಿ ನಡೀರಿ. ಕಣ್ಣು ತೆರದಾಗ ಅಜ್ಜ ಕಾಣಬೇಕು."

ಅವಳು ಕಣ್ಣು ತೆರೆದಳು. ನಳಿಗೆ ತೆಗೆದ ಮೇಲೆ ನನ್ನನ್ನು ನೋಡಿ ಮೊದಲು ಆಡಿದ ಮಾತು, "ಆಯಿ, ಈಗ ಒಬ್ಬಾಕಿನ ಅದಿ." ನಾನು ಆ ವಾರ್ಡಿನಲ್ಲಿ ಕೂತು ಹುಚ್ಚಿಯಂತೆ ನಕ್ಕೆ, ಹುಚ್ಚಿಯಂತೆ ಅತ್ತೆ. ಈಗ ಬರೆಯುವಾಗಲೂ ಅದೇ ಆಗುತ್ತಿದೆ.

ಹೋದ ಚಳಿಗಾಲದಲ್ಲಿ ಅವನು ಹೋದ. ಡೇರಿಯಲ್ಲಿ ಹಾಲು ಅಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ದೂರದ ಊರವರು, ಹುಳ ಮುಟ್ಟಿತೇ ಎಂದು ಕೇಳಿದರು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. "ಹುಳ ಅವಂಗ ಏನೂ ಮಾಡಲಿಲ್ಲ ಕಾಕು. ಆವತ್ತ ಚಹಾನೂ ಕುಡೀಲಿಲ್ಲ" ಎಂದಳು. ಆ ಮಾತಿಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅವನ ಬೂಟುಗಳು ಬಾಗಿಲ ಹೊರಗೆ ತಲೆಕೆಳಗಾಗಿ ನಿಂತಿದ್ದವು. ಒಳಗೆ ಏನೂ ಸೇರಬಾರದೆಂದು ಯಾವಾಗಲೂ ಹಾಗೇ ಇಡುತ್ತಿದ್ದ.

ಈ ಪಂಚಮಿಗೆ ಮೊಮ್ಮಗಳು ಬಂದಿದ್ದಾಳೆ. ನನ್ನ ಹೆಗಲಿನವರೆಗೆ ಬೆಳೆದಿದ್ದಾಳೆ. ಬಂದ ಸಂಜೆಯೇ ಇದ್ದ ಮಂಚಗಳ ಮೇಲೆ ಮನೆಯವರನ್ನು ಹತ್ತಿಸಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದಳು. ಮಂಚ ಸಿಗದ ಅಜ್ಜನಿಗೂ ನೆಲದ ಹಾಸಿಗೆಗೆ ಪರದೆ ಕಟ್ಟಿ, "ಕೈ ಹೊರಗ ಹಾಕಬ್ಯಾಡ" ಎಂದು ಬೈದು ಮಲಗಿಸಿದಳು.

ಬೆಳಿಗ್ಗೆ ಕಟ್ಟೆಗೆ ಹೋಗಿ ನಾಗಪ್ಪನ ಕಲ್ಲಿಗೆ ಹಾಲೆರೆದೆವು. ನಮ್ಮಲ್ಲಿ ಎರೆಯುವಾಗ ಒಬ್ಬೊಬ್ಬರ ಹೆಸರಲ್ಲಿ ಪಾಲು ಹೇಳುತ್ತಾರೆ. ದೇವರ ಪಾಲು, ಅಜ್ಜನ ಪಾಲು, ಅವ್ವನ ಪಾಲು ಎಂದು ಹೇಳುತ್ತ ಬಂದ ಹುಡುಗಿ ನನ್ನ ಮುಖ ನೋಡಿ, "ಡೇರಿ ಮಾಮಾನ ಪಾಲು" ಎಂದು ಒಂದು ಹನಿ ಬಿಟ್ಟಳು. ಬಟ್ಟಲಲ್ಲಿ ಹಾಲು ಇನ್ನೂ ಇತ್ತು. ಅದನ್ನು ಏನು ಮಾಡಬೇಕೆಂದು ಅವನೇ ಹೇಳಿ ಹೋಗಿದ್ದನಲ್ಲ, ನಾಗಪ್ಪ ಅವನ ಗಿರಾಕಿಯಲ್ಲ ಎಂದು. ಅವಳ ಬಾಯಿಗೆ ಹಿಡಿದೆ. ಗಟಗಟ ಕುಡಿದಳು, ಮೂಗಿನ ಕೆಳಗೆ ಬಿಳಿ ಮೀಸೆ ಬಂತು.

ಆಮೇಲೆ ಮನೆಯ ದಾರಿ ಹಿಡಿದು, ಹಿಮ್ಮಡಿಯನ್ನು ನೆಲಕ್ಕೆ ಬಡಿಯುತ್ತ, ಧಪ್ ಧಪ್ ಎಂದು ನನ್ನ ಮುಂದೆ ನಡೆದಳು. ಓಣಿಯ ಎಮ್ಮೆಗಳು ಕಿವಿ ನೆಟ್ಟಗೆ ಮಾಡಿದವು.